ಗುಲಾಬಿ ಕಾಣದವನ ಗುರುಗಳು

ನಮ್ಮ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದವರಿಗೆ ಆಮ್ಲವೆಂದರೆ ಮೊದಲು ನೆನಪಾಗುವುದು ಹುಳಿಯಲ್ಲ, ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ವಿಭಾಗದ ಮುಖ್ಯಸ್ಥೆ. ದ್ರಾವಣವನ್ನು ಹನಿಹನಿಯಾಗಿ ಬಿಡುವ ಬ್ಯುರೆಟ್ಟಿನ ತಿರುಪು ಹಿಡಿದು ಆತುರಪಡುವವರ ಬೆನ್ನ ಹಿಂದೆ ನಿಂತು "ಒಂದೇ ಹನಿ ಕಣಪ್ಪಾ, ಒಂದೇ ಹನಿ" ಎಂದು ಎಚ್ಚರಿಸುತ್ತಿದ್ದುದರಿಂದ ಅವರಿಗೆ ಒಂದೇ ಹನಿ ಮೇಡಂ ಎಂಬ ಹೆಸರು ಬಿತ್ತು. ಅವರ ಸಂಶೋಧನೆಯನ್ನೂ ಪ್ರಶಸ್ತಿಗಳನ್ನೂ ಕುರಿತು ಈ ಅಭಿನಂದನ ಸಂಪುಟದಲ್ಲಿ ಹಿರಿಯರು ಬರೆದಿದ್ದಾರೆ. ನನಗೆ ಅದರ ಗೊಡವೆ ಬೇಡ. ನನ್ನ ಅನ್ನಕ್ಕೆ ಅವರು ಹೇಗೆ ದಾರಿ ಮಾಡಿದರೆಂದು ಹೇಳಿದರೆ ನನ್ನ ಕೆಲಸ ಮುಗಿಯಿತು.

ಅವರು ಸೇವೆಗೆ ಸೇರಿದಾಗ ಪ್ರಯೋಗಾಲಯವೆಂದರೆ ಬಿರುಕುಬಿಟ್ಟ ತೊಟ್ಟಿಗಳು, ಕಿಟಕಿ ತೆರೆಯದ ಒಂದು ಉದ್ದನೆಯ ಕೊಠಡಿ. ಮೊದಲು ಕಿಟಕಿ ತೆರೆಸಿ, ಆಮೇಲೆ ಪುಸ್ತಕ ತೆರೆಸಿದರಂತೆ. ಆಮ್ಲ ದುಷ್ಟನಲ್ಲ, ಪ್ರತ್ಯಾಮ್ಲ ಸಾಧುವಲ್ಲ. ನಿಂಬೆರಸವೂ ಆಮ್ಲವೇ, ಸೋಪಿನ ನೀರೂ ಪ್ರತ್ಯಾಮ್ಲವೇ. ತಕ್ಕ ಅಳತೆಯಲ್ಲಿ ಕೂಡಿದರೆ ಒಂದರ ಹಟವನ್ನು ಇನ್ನೊಂದು ಮುರಿದು ಲವಣವೂ ನೀರೂ ಉಳಿಯುತ್ತವೆ ಎಂದು ಅವರು ಹೇಳಿಕೊಟ್ಟದ್ದನ್ನು ಕಡೆಯ ಬೆಂಚಿನವರೂ ಮರೆತಿಲ್ಲ.

ಆ ತಕ್ಕ ಅಳತೆಯೇ ನನಗೆ ಮುಳುವಾಯಿತು. ಆಮ್ಲಕ್ಕೆ ಬಣ್ಣ ಬದಲಿಸುವ ಸೂಚಕ ಬೆರೆಸಿ, ಮೇಲಿನಿಂದ ಪ್ರತ್ಯಾಮ್ಲವನ್ನು ಹನಿಹನಿಯಾಗಿ ಬಿಡಬೇಕು. ತಿಳಿ ಗುಲಾಬಿ ಮೂಡಿದ ಕ್ಷಣ ನಿಲ್ಲಿಸಬೇಕು. ನಾನು ನಿಲ್ಲಿಸುತ್ತಲೇ ಇರಲಿಲ್ಲ. ಒಂದು ದಿನ ಮೇಡಂ ನನ್ನ ಮುಂದೆ ಎರಡು ಫ್ಲಾಸ್ಕ್ ಇಟ್ಟು, "ಇದರಲ್ಲಿ ಗುಲಾಬಿ ಯಾವುದು?" ಎಂದರು. ನನಗೆ ಎರಡೂ ನೀರೇ. ಮನೆಯಲ್ಲಿ ಜೋಡಿ ತಪ್ಪಿದ ಕಾಲುಚೀಲ ಹಾಕಿಕೊಂಡು ಅಕ್ಕನಿಂದ ನಗೆಪಾಟಲಾಗುತ್ತಿದ್ದವನ ಗುಟ್ಟು ಅಂದು ರಟ್ಟಾಯಿತು. ಆಗಿನ ಮುಖ್ಯಸ್ಥರು "ಬಣ್ಣ ಕಾಣದವನಿಗೆ ಈ ಶಾಸ್ತ್ರ ಯಾಕಯ್ಯಾ? ಬೇರೆ ವಿಷಯ ತಗೋ" ಎಂದುಬಿಟ್ಟರು. ನನಗೋ ಬೇರೆ ಯಾವುದೂ ಬೇಡವಾಗಿತ್ತು. ಮೆಟ್ಟಿಲ ಮೇಲೆ ಕುಳಿತು ಅತ್ತೆ.

ಮೇಡಂ ಸಮಾಧಾನ ಹೇಳಲಿಲ್ಲ. ಒಳಗೆ ಕರೆದು, ಆಮ್ಲ, ಪ್ರತ್ಯಾಮ್ಲಗಳ ಗಟ್ಟಿ ದ್ರಾವಣಗಳನ್ನು ಒಂದು ಲೋಟದಲ್ಲಿ ಬೆರೆಸಿ, "ಮುಟ್ಟು" ಎಂದರು. ಲೋಟ ಬೆಚ್ಚಗಿತ್ತು!

"ಬಣ್ಣ ನಾವು ಹಾಕಿದ ಸೂಚಕದ್ದು ಕಣೋ. ಬಿಸಿ ಅವುಗಳದ್ದೇ. ಆಮ್ಲ ಇರೋವರೆಗೂ ಏರುತ್ತೆ, ಮುಗಿದ ಮೇಲೆ ಏರಲ್ಲ. ಆ ತಿರುವು ಹಿಡಿ, ಸಾಕು."

ಅಂದಿನಿಂದ ತರಗತಿ ಮುಗಿದ ಮೇಲೆ ಅವರ ಮುಂದೆ ಅದೇ ಕೆಲಸ. ಹತ್ತಿ ಸುತ್ತಿದ ಲೋಟ, ಸೂಕ್ಷ್ಮ ಗೆರೆಗಳ ಥರ್ಮಾಮೀಟರು, ಗ್ರಾಫ್ ಹಾಳೆ. ಏರುವ ಗೆರೆಯೂ ಇಳಿಯುವ ಗೆರೆಯೂ ಸೇರುವ ತುದಿಯೇ ನನ್ನ ಗುಲಾಬಿ. ಎಷ್ಟೋ ಸಂಜೆ ತಡವಾಗಿ ಹೋಗಿ ತಮ್ಮ ಮನೆಯವರ ಗೊಣಗಾಟವನ್ನು ಅವರು ನನಗಾಗಿ ಕೇಳಿಸಿಕೊಂಡರು.

ಅಂತಿಮ ಪರೀಕ್ಷೆಗೆ ಹೊರಗಿನಿಂದ ಬಂದ ಪರೀಕ್ಷಕರು ನನ್ನ ಲೋಟವನ್ನು ನೋಡಿ ಹುಬ್ಬು ಗಂಟಿಕ್ಕಿದರು. "ಇದೇನ್ ಮೇಡಂ, ಪ್ರಾಕ್ಟಿಕಲ್ಲೋ ಕಾಫಿ ಅಂಗಡಿಯೋ? ನಾನು ಒಪ್ಪಲ್ಲ." ಅವರು ಒಪ್ಪದಿದ್ದರೆ ನಾನು ನಪಾಸು.

"ಸರ್, ಆಮ್ಲ ಎಷ್ಟಿದೆ ಅಂತ ತಾನೇ ಪ್ರಶ್ನೆ? ಬಣ್ಣ ಯಾವುದು ಅಂತ ಯಾರೂ ಕೇಳಿಲ್ಲ. ಇದೇ ದ್ರಾವಣನ ನೀವೇ ಬಣ್ಣದಲ್ಲಿ ಮಾಡಿ. ತಾಳೆ ಆಗದಿದ್ರೆ ಅವನಿಗೆ ಸೊನ್ನೆ ಹಾಕಿ" ಎಂದರು ಮೇಡಂ.

ನನ್ನ ಭವಿಷ್ಯವನ್ನು ಅವರು ಪಣಕ್ಕಿಟ್ಟಾಗ ನನಗಿಂತ ಹೆಚ್ಚು ಧೈರ್ಯ ಅವರಿಗಿತ್ತು. ಪರೀಕ್ಷಕರು ಕೋಟು ಕಳಚಿ ತೋಳು ಮಡಿಸಿದರು. ಮೊದಲ ಸಲ ಅವರದೇ ಕೈ ಜಾರಿ ಫ್ಲಾಸ್ಕ್ ಕಡು ಗುಲಾಬಿಯಾಯಿತಂತೆ. ನನಗೆಲ್ಲಿ ಕಾಣಬೇಕು, ಗೆಳೆಯರು ಕಿಸಕ್ಕೆಂದಾಗ ತಿಳಿಯಿತು. ಮತ್ತೆ ಮಾಡಿ, ಲೆಕ್ಕ ಹಾಕಿ, ನನ್ನ ಗ್ರಾಫನ್ನು ಎಳೆದುಕೊಂಡು ನೋಡಿದರು. ಉತ್ತರ ಒಂದೇ!

ಪರೀಕ್ಷಕರು ಮೆಲ್ಲನೆ ಕೈ ಚಾಚಿ, ಹತ್ತಿ ಸರಿಸಿ, ಇನ್ನೂ ಬೆಚ್ಚಗಿದ್ದ ನನ್ನ ಲೋಟವನ್ನು ಮುಟ್ಟಿದರು. "ಅಯ್ಯೋ, ಇಷ್ಟು ವರ್ಷ ಪಾಠ ಮಾಡಿದೆ, ಒಂದ್ಸಲಾನೂ ಮುಟ್ಟಿ ನೋಡಿರಲಿಲ್ಲವಲ್ಲ!" ಎಂದು ಮಗುವಿನಂತೆ ನಕ್ಕರು. ಇಡೀ ಕೊಠಡಿ ಚಪ್ಪಾಳೆ ತಟ್ಟಿತು. ಪರೀಕ್ಷೆಯಲ್ಲಿ ಚಪ್ಪಾಳೆ ಕೂಡದೆಂದು ಯಾರಿಗೂ ನೆನಪಾಗಲಿಲ್ಲ.

ಮುಂದಿನ ವರ್ಷದಿಂದಲೇ ಆ ವಿಧಾನ ನಮ್ಮ ಪ್ರಯೋಗಪಾಠದಲ್ಲಿ ಸೇರಿತು. ಈಗ ಬಣ್ಣ ಕಾಣುವವರೂ ಅದನ್ನು ಮಾಡುತ್ತಾರೆ, ಮಾಡಿ ತಪ್ಪುತ್ತಾರೆ, ಬೈಸಿಕೊಳ್ಳುತ್ತಾರೆ. ಬೈಯುವವನು ನಾನು.

ಪೂಜ್ಯ ಮೇಡಂ ಆರೋಗ್ಯದಿಂದ ಬಹುಕಾಲ ನಮ್ಮೊಡನಿರಲಿ, ಅರ್ಧಕ್ಕೆ ನಿಂತಿರುವ ಪಠ್ಯಪುಸ್ತಕವನ್ನು ಇನ್ನಾದರೂ ನೆಪ ಹೇಳದೆ ಮುಗಿಸಲಿ. ಬರುವ ಸೋಮವಾರದಿಂದ ವಿಭಾಗದ ಮುಖ್ಯಸ್ಥರ ಕುರ್ಚಿ ಖಾಲಿಯಾಗುತ್ತದೆ. ಅದರಲ್ಲಿ ಕೂರಲು ಅವರು ಹೆಸರಿಸಿರುವುದು, ಇಂದಿಗೂ ಗುಲಾಬಿಯನ್ನು ಕಾಣದ ನನ್ನನ್ನು.