ಸೊರಗಿದ ಸಸಿಗಳ ಪಕ್ಷಪಾತಿ

ಬೆಟ್ಟದ ಮಂಜು ಇನ್ನೂ ಕರಗಿಲ್ಲ. ಸೇಂಟ್ ಹೆಲೆನಾ ದ್ವೀಪದ ಸಸ್ಯಪಾಲನಾ ಕೇಂದ್ರದಲ್ಲಿ ಅರವತ್ತೊಂದರ ಎಡ್ನಾ ಕ್ರೌವಿ ಭೂತಗನ್ನಡಿ ಹಿಡಿದು ತಟ್ಟೆಯೊಂದರ ಮೇಲೆ ಬಾಗಿದ್ದಾರೆ. ತಟ್ಟೆಯಲ್ಲಿ ಹದಿನಾಲ್ಕು ಸಸಿಗಳಿವೆ. ಮೂರು ಮಾತ್ರ ಸೊಂಪಾಗಿ ಬೆಳೆದಿವೆ. ಎಡ್ನಾ ಚಿಮಟದಿಂದ ಆ ಮೂರನ್ನೇ ಕಿತ್ತುಹಾಕುತ್ತಾರೆ.

ನೀರಿನ ಕೊಳವೆ ಎಳೆದುಕೊಂಡು ಬಂದ ಸಹೋದ್ಯೋಗಿ ಸೈಲಸ್ ಬಾರ್ಗೋ ತಲೆಯಾಡಿಸುತ್ತಾರೆ. "ಚೆನ್ನಾಗಿ ಬೆಳೆದಿದ್ದು ಕಂಡ್ರೆ ನಿಮಗಾಗಲ್ಲ ಆಂಟಿ. ಸದ್ಯ, ನಾನು ಸಣಕಲ."

"ನಿಂದು ಬಾಯಿ ಒಂದೇ ಬೆಳೆದಿರೋದು, ಅದಕ್ಕೇ ಬಿಟ್ಟಿದೀನಿ. ನೀರು ಮೆಲ್ಲಗೆ ಬಿಡಪ್ಪ."

ಇವು ದುಂಡೆಲೆಯ ಗಮ್‌ವುಡ್ ಸಸಿಗಳು. ಈ ನಿತ್ಯಹರಿದ್ವರ್ಣ ಮರ ಈ ದ್ವೀಪದಲ್ಲಲ್ಲದೆ ಬೇರೆಲ್ಲೂ ಹುಟ್ಟಿದ್ದಲ್ಲ. ಕಾಡಿನಲ್ಲಿ ಉಳಿದಿರುವುದು ಒಂದೇ ಒಂದು, ಕಡಿದಾದ ಬಂಡೆಯ ಅಂಚಿನಲ್ಲಿ. ತನ್ನದೇ ಪರಾಗವನ್ನು ಅದು ಸುಲಭವಾಗಿ ಒಪ್ಪುವುದಿಲ್ಲ. ಎಡ್ನಾ ಸೊಂಟಕ್ಕೆ ಹಗ್ಗ ಬಿಗಿದು, ಹೂವಿನಿಂದ ಹೂವಿಗೆ ಕುಂಚ ಆಡಿಸಿ, ಕೊಂಬೆಗಳಿಗೆ ಬಲೆ ಹೊದಿಸಿ ಬರುತ್ತಾರೆ. ಸಾವಿರ ಬೀಜ ಬಿತ್ತಿದರೆ ಗಿಡವಾಗುವುದು ಒಂದೋ ಎರಡೋ. ಬಲೆಯೊಳಗೆ ಒಂದು ನೊಣ ನುಸುಳಿದರೂ ಪಕ್ಕದಲ್ಲಿರುವ ಇನ್ನೊಂದು ಜಾತಿಯಾದ ಸಾಮಾನ್ಯ ಗಮ್‌ವುಡ್‌ನ ಪರಾಗ ಸೇರಿ ಬೆರಕೆ ಸಸಿ ಹುಟ್ಟುತ್ತದೆ. ಬೆರಕೆ ಬೇಗ ಬೆಳೆಯುತ್ತದೆ. ಅಸಲಿ ಸೊರಗಿಯೇ ಇರುತ್ತದೆ.

ಈ ಪಾಠಕ್ಕೆ ಎಡ್ನಾ ಐದು ವರ್ಷಗಳ ಬೆಲೆ ತೆತ್ತಿದ್ದಾರೆ. ನಲವತ್ತರಲ್ಲಿ ಈ ಕೆಲಸಕ್ಕೆ ಬರುವ ಮುನ್ನ ಅವರು ಹತ್ತೊಂಬತ್ತು ವರ್ಷ ಶಾಲೆಯೊಂದರಲ್ಲಿ ಅಡುಗೆ ಮಾಡಿದ್ದರು.

"ಚೆನ್ನಾಗಿ ತಿನ್ನೋ ಮಗೂಗೆ ಇನ್ನೊಂದು ಸೌಟು ಹಾಕೋದು ಕೈಗೆ ಅಭ್ಯಾಸ. ಇಲ್ಲೂ ಹಾಗೇ ಮಾಡ್ದೆ. ಗಟ್ಟಿಯಾಗಿದ್ದ ಇಪ್ಪತ್ತೆರಡನ್ನ ಸಾಕಿ ಗುಡ್ಡದ ಮೇಲೆ ನೆಟ್ಟೆ, ಸೊರಗಿದ್ದನ್ನ ಎಸೆದೆ. ಹೂ ಬಿಟ್ಟಾಗ ನೋಡಿದ್ರೆ ಎಲ್ಲಾ ಬೆರಕೆ. ಕಡಿಯೋಕೆ ಬೇರೆಯವರನ್ನ ಕರೀಲಿಲ್ಲ, ನಾನೇ ಕೊಡಲಿ ತಗೊಂಡೆ."

ಆಮೇಲೆ ಬಿತ್ತಿದ ಐದು ಸಾವಿರದ ಇನ್ನೂರು ಬೀಜಗಳಲ್ಲಿ ಸಸಿಯ ಹಂತ ದಾಟಿ ಬದುಕಿರುವ ಅಸಲಿ ಗಿಡಗಳು ಆರು. ಕಳೆದ ಚಳಿಗಾಲದಲ್ಲಿ ಬಂಡೆಯಂಚಿನ ಮುದಿ ಮರದ ಕಾಂಡ ಸೀಳಿದೆ. ಅದು ಉರುಳುವ ಮೊದಲು ಆರರಲ್ಲೊಂದಾದರೂ ಹೂ ಬಿಟ್ಟು ಅದಕ್ಕೆ ಪರಾಗ ಕೊಡಬೇಕು. ಸೊಂಟದೆತ್ತರದ ಐದನೆಯ ಗಿಡದಲ್ಲಿ ಒಂಬತ್ತು ದಿನಗಳಿಂದ ಮೊಗ್ಗಿದೆ.

ಈ ಬೆಳಿಗ್ಗೆ ಅದು ಅರಳಿದೆ. ಎಡ್ನಾ ಹೂವನ್ನು ತಕ್ಷಣ ಮುಟ್ಟುವುದಿಲ್ಲ. ಗಿಡ ಅಸಲಿಯೇ ಎಂದು ಖಚಿತಪಡಿಸಿಕೊಳ್ಳಲು ಅಳತೆಪಟ್ಟಿ ತೆಗೆದು ಹತ್ತು ಎಲೆಗಳ ಉದ್ದ ಅಗಲಗಳನ್ನು ಬರೆದುಕೊಳ್ಳುತ್ತಾರೆ, ಇನ್ನೊಮ್ಮೆ ಅಳೆಯುತ್ತಾರೆ.

"ದುಂಡಗೇ ಇದೆ," ಎನ್ನುತ್ತಾರೆ. "ಗಾಡಿ ತೆಗಿ, ಸೈಲಸ್."

ಪರಾಗದ ಪುಟ್ಟ ಡಬ್ಬಿಯನ್ನು ಎರಡೂ ಕೈಗಳಲ್ಲಿ ಹಿಡಿದು ಅವರು ಮುಂದಿನ ಸೀಟಿನಲ್ಲಿ ಕೂರುತ್ತಾರೆ. ಎದುರು ಬರುವ ಪ್ರತಿ ವಾಹನಕ್ಕೂ ಕೈ ಎತ್ತುವುದು ಈ ದ್ವೀಪದ ಮರ್ಯಾದೆ. ಎಡ್ನಾ ಎತ್ತುವುದಿಲ್ಲ.

"ಮೂರು ಗಾಡಿ ಹೋಯ್ತು ಆಂಟಿ. ಮಧ್ಯಾಹ್ನದೊಳಗೆ ಊರೆಲ್ಲ ನಿಮಗೆ ಸೊಕ್ಕು ಬಂತು ಅಂತಾರೆ."

"ಅಂದ್ಕೊಳ್ಲಿ. ನನ್ನ ಪಾಲಿಂದೂ ನೀನೇ ಬೀಸು."

ಬಂಡೆಯಂಚಿನಲ್ಲಿ ಹಗ್ಗ ಬಿಗಿದುಕೊಳ್ಳುತ್ತಾ ಅವರು ತಮ್ಮ ಆಸೆ ಹೇಳುತ್ತಾರೆ: "ಎರಡೂ ಕಡೆ ಅಸಲಿ ಸೇರಿದ್ರೆ ಮಕ್ಕಳು ಗಟ್ಟಿಯಾಗಿ ಹುಟ್ಟಬಹುದು. ಆಗ ಚೆನ್ನಾಗಿ ಬೆಳೆಯೋ ಸಸಿಗೆ ಹೆದರದೆ ಇನ್ನೊಂದು ಸೌಟು ನೀರು ಹಾಕ್ಬೇಕು. ಅಷ್ಟೇ."