ಹನ್ನೆರಡು ಬಾಟಲಿ ನೀರು

ನನ್ನದು ಅನುಮಾನದ ಸ್ವಭಾವ. ಆಂಧ್ರದ ಗಡಿಯಲ್ಲಿರುವ ಆದೋನಿಯ ಹತ್ತಿ ಮಾರ್ಕೆಟ್ಟಿನಲ್ಲಿ ತೂಕ ನೋಡುತ್ತಿದ್ದ ಅಪ್ಪನಿಂದ ಬಂದ ಆಸ್ತಿ ಅದು. ಅಂಗಡಿಯಿಂದ ತಂದ ಸಕ್ಕರೆಯನ್ನೂ ಅಪ್ಪ ಮನೆಯಲ್ಲಿ ಮತ್ತೊಮ್ಮೆ ತೂಗುತ್ತಿದ್ದರು. ಕೆಮಿಸ್ಟ್ರಿ ಮಾಡುವವರಿಗೆ ಇದು ಒಳ್ಳೆಯ ಗುಣ ಎಂದು ವಿಶ್ವವಿದ್ಯಾಲಯದಲ್ಲಿ ನನ್ನ ಗೈಡ್ ಹೊಗಳಿದ್ದರು. ಹೊಗಳಬಾರದಿತ್ತು.

ನನ್ನ ಪಿಎಚ್.ಡಿ. ಅದೇ ಸೀಮೆಯ ಆಸ್ಪರಿ ಕಡೆಯ ಬೋರ್‌ವೆಲ್ ನೀರಿನಲ್ಲಿರುವ ಫ್ಲೋರೈಡ್ ಮೇಲೆ. ಹಲ್ಲು ಕಂದಾಗಿಸಿ, ಮೊಣಕಾಲು ಹಿಡಿಸುವ ಪದಾರ್ಥ ಅದು. ಹನ್ನೆರಡು ಬೋರುಗಳ ನೀರನ್ನು ಬೇಸಿಗೆಯಲ್ಲಿ ಒಮ್ಮೆ, ಮಳೆಗಾಲ ಮುಗಿದ ಮೇಲೆ ಒಮ್ಮೆ ಪರೀಕ್ಷಿಸಬೇಕು. ಆಗಲೇ ಎರಡು ಸಲ ಗಡುವು ಮುಂದಕ್ಕೆ ಹಾಕಿಸಿಕೊಂಡಿದ್ದೆ. ಆ ವರ್ಷ ಥೀಸಿಸ್ ಕೊಡದಿದ್ದರೆ ನನ್ನ ನೋಂದಣಿ ರದ್ದು, ಆರು ವರ್ಷ ನೀರುಪಾಲು. ಬೇಸಿಗೆಯ ನೀರನ್ನು ನಾನೇ ತಿರುಗಾಡಿ ತಂದಿದ್ದೆ; ಫ್ಲೋರೈಡ್ ವಿಪರೀತ ಇತ್ತು. ಎರಡನೇ ಸಲದ ಹೊತ್ತಿಗೆ ವಿದ್ಯಾರ್ಥಿಗಳ ಪರೀಕ್ಷೆ ನಡೆಸುವ ಡ್ಯೂಟಿ ತಲೆಯ ಮೇಲೆ ಬಿತ್ತು. ಆಸ್ಪರಿ ಹತ್ತಿರದ ಹಳ್ಳಿಯಲ್ಲಿರುವ ದೊಡ್ಡವ್ವನಿಗೆ ಚೀಟಿ ಅಂಟಿಸಿದ ಬಾಟಲಿಗಳನ್ನು ಕಳಿಸಿ, ಯಾವ ಬೋರಿನ ನೀರು ಯಾವುದಕ್ಕೆ ಎಂದು ಫೋನಿನಲ್ಲಿ ಹೇಳಿದೆ. ಎರಡೇ ದಿನದಲ್ಲಿ ತುಂಬಿದ ಬಾಟಲಿಗಳು ಬಸ್ಸಿನಲ್ಲಿ ಬಂದವು. ಪರೀಕ್ಷಿಸಿದರೆ ಹನ್ನೆರಡರಲ್ಲೂ ಫ್ಲೋರೈಡ್ ಇದ್ದೂ ಇಲ್ಲದಂತೆ!

ಮಳೆಗೆ ಸ್ವಲ್ಪ ಇಳಿಯಬಹುದು, ಇಷ್ಟು ಇಳಿಯುವುದುಂಟೇ? ಫ್ಲೋರೈಡ್ ಅಳೆಯುವ ಮೀಟರ್ ಸರಿಯಿತ್ತು. ಹಾಗಾದರೆ ಯಾರೋ ನೀರು ಬದಲಿಸಿದ್ದಾರೆ. ಯಾರೋ ಏನು ಬಂತು, ನಮ್ಮ ಲ್ಯಾಬಿನಲ್ಲಿದ್ದದ್ದೇ ಇಬ್ಬರು: ನಾನು, ಮತ್ತು ನನಗಿಂತ ಎರಡು ವರ್ಷ ಕಿರಿಯನಾದ ಕೋಸಗಿಯ ಸಂಶೋಧಕ. ಅವನ ಅಪ್ಪ ಅಮ್ಮ ಪ್ರತಿ ವರ್ಷ ಬೇರೆ ಊರುಗಳಿಗೆ ಗುಳೆ ಹೋಗಿ ದುಡಿದು ಓದಿಸಿದ್ದರು. ಅವನ ಪಿಎಚ್.ಡಿ. ನೋಂದಣಿ ಖಾಯಂ ಆಗಲು ಗೈಡ್ ಸಹಿಯೊಂದು ಬಾಕಿ ಇತ್ತು. ಆದೋನಿಯ ಒಂದು ಕಾಲೇಜಿನ ಒಂದೇ ಲೆಕ್ಚರರ್ ಕೆಲಸಕ್ಕೆ ನಾವಿಬ್ಬರೂ ಅರ್ಜಿ ಹಾಕಿದ್ದೆವು. ಇನ್ನೇನು ಬೇಕು ನನ್ನಂಥವಳಿಗೆ?

ಬಾಟಲಿಯ ಮುಚ್ಚಳಗಳಿಗೆ ಟೇಪು ಸುತ್ತಿ ಅದರ ಮೇಲೆ ಸಹಿ ಹಾಕಿದೆ. ಅವನು "ಚಾಕ್ಕ ಬರ್ತೀರೇನ್ರಿ ಅಕ್ಕಾ" ಎಂದರೆ, ನನ್ನನ್ನು ಲ್ಯಾಬಿನಿಂದ ಆಚೆ ಹಾಕುವ ಹುನ್ನಾರ ಅಂದುಕೊಂಡೆ. ಸುಮ್ಮನೆ ಕೂತರೆ ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಂದುಕೊಂಡೆ. ನಕ್ಕರಂತೂ ಮೈಯೆಲ್ಲ ಉರಿಯುತ್ತಿತ್ತು.

ಒಂದು ಮಧ್ಯಾಹ್ನ ಊಟ ಅರ್ಧಕ್ಕೇ ಬಿಟ್ಟು ಲ್ಯಾಬಿಗೆ ಬಂದೆ. ಅವನು ನನ್ನ ಬಾಟಲಿಯ ಟೇಪು ಬಿಚ್ಚಿ, ಬಾಟಲಿ ಕೈಯಲ್ಲಿ ಹಿಡಿದು ನಿಂತಿದ್ದ.

"ಅಕ್ಕಾ, ನಿಮಗ ಒಂದ್ ಮಾತು ಹೇಳ್ಬೇಕ್ರಿ, ಈ ನೀರು..."

"ಬಾಯಿ ಮುಚ್ಚು! ಸಿಕ್ಕಿಬಿದ್ದ ಮ್ಯಾಲೆ ಎಂಥಾ ಮಾತೋ?"

ನೆಟ್ಟಗೆ ಗೈಡ್ ಕೋಣೆಗೆ ಹೋಗಿ ಎಲ್ಲ ಒದರಿದೆ. ಅವರು ತೆಲುಗಿನಲ್ಲಿ "ಚೂದ್ದಾಂ ಅಮ್ಮಾ" ಅಂದರು, ನೋಡೋಣ ಅಂತ. ಅವನ ಫೈಲಿಗೆ ಸಹಿ ಬೀಳಲೇ ಇಲ್ಲ. ಒಂದು ತಿಂಗಳು ಕಾದು, ಹೈದರಾಬಾದಿನ ಔಷಧ ಕಾರ್ಖಾನೆಯೊಂದಕ್ಕೆ ಸೇರಿಕೊಂಡ. ಸುಳ್ಳೇಕೆ ಹೇಳಲಿ, ನನಗೆ ಖುಷಿಯಾಯಿತು.

ಡ್ಯೂಟಿ ಮುಗಿದದ್ದೇ ಹೊಸ ಬಾಟಲಿಗಳೊಂದಿಗೆ ಹಳ್ಳಿಗೆ ಓಡಿದೆ. ಬೋರಿನ ಕಡೆ ಹೊರಟವಳಿಗೆ ದೊಡ್ಡವ್ವ ಅಡ್ಡ ಬಂದಳು.

"ಆ ಕಡಿ ಎಲ್ಲಿಗಿ ಹೊಂಟೀಯವ್ವ? ಹೋದ ಸಲ ತುಂಬಿ ಕಳಿಸಿದ್ನಲ್ಲ, ಅದ ಫಿಲ್ಟರ್ ನೀರಿನ ಕ್ಯಾನು ಒಳಗ ಐತಿ."

"ಫಿಲ್ಟರ್ ನೀರಾ?"

"ಮತ್ತ? ಮನಿಗಿ ಬಂದ ಬೀಗರಿಗೇ ನಾವು ಬೋರಿನ ನೀರು ಕೊಡಂಗಿಲ್ಲ. ಅಷ್ಟು ದೊಡ್ಡ ಸರ್‌ಗಳ ಮುಂದ ಇಡಾಕ ಆ ಉಪ್ಪುಪ್ಪು ಚೌಳ ನೀರು ಕಳಿಸ್ಲೇನು? ನಿನ್ನ ಮರ್ಯಾದಿ ಉಳೀತದೇನು? ಹನ್ನೆರಡೂ ನಾನ ತೊಳದು ತುಂಬೀನಿ."

ಆಕೆ ಕಂದು ಹಲ್ಲು ಬಿಟ್ಟು ನಕ್ಕಳು. ಕೈಯಲ್ಲಿದ್ದ ಬಾಟಲಿಗಳನ್ನು ಕಟ್ಟೆಯ ಮೇಲಿಟ್ಟೆ. ಫಿಲ್ಟರ್ ನೀರಿನಲ್ಲಿ ಫ್ಲೋರೈಡಷ್ಟೇ ಅಲ್ಲ, ಉಪ್ಪಿನಂಶವೂ ಇರುವುದಿಲ್ಲ. ಪೆನ್ನಿನಷ್ಟಿರುವ ಉಪ್ಪಿನ ಮೀಟರನ್ನು ಅದ್ದಿದ್ದರೆ ಅರೆಗಳಿಗೆಯಲ್ಲಿ ಗೊತ್ತಾಗುತ್ತಿತ್ತು. ಎಂ.ಎಸ್ಸಿ. ಮಕ್ಕಳಿಗೆ ನಾನೇ ಹೇಳಿಕೊಡುವ ಪಾಠ. ಥೂ ನನ್ನ!

ಅವತ್ತೇ ಹನ್ನೆರಡು ಬೋರಿಗೂ ನಾನೇ ಹೋಗಿ ತುಂಬಿಕೊಂಡೆ. ಮರುದಿನ ಗೈಡ್ ಮುಂದೆ ತಪ್ಪೊಪ್ಪಿಕೊಂಡೆ. ಕೋಸಗಿಯ ಹುಡುಗ ವಾಪಸ್ ಬಂದರೆ ಸಹಿ ಹಾಕುತ್ತೇನೆ ಎಂದರು. ಅವನಿಗೆ ಫೋನ್ ಮಾಡಿ, ದೊಡ್ಡವ್ವನ ಕಥೆ ಹೇಳಿದೆ.

"ನಂದ ತಪ್ಪಾತಪ್ಪ," ಅಂದೆ. "ಆವತ್ತು ಏನು ಹೇಳಾಕ ಬಂದಿದ್ದಿ?"

"ಅದನ್ನ ರೀ ಅಕ್ಕಾ. ಮೀಟರ್ ಅದ್ದಿ ನೋಡಿದ್ನಿ, ಉಪ್ಪೇ ಇದ್ದಿಲ್ಲ. ನಮ್ಮ ಸೀಮ್ಯಾಗ ಅಂಥಾ ಬೋರು ಎಲ್ಲೈತ್ರಿ?"

"ಸರ್ ಸಹಿ ಹಾಕ್ತಾರಂತ. ವಾಪಸ್ ಬಾ," ಅಂದೆ.

"ಬರ್ತೀನ್ರಿ. ಬಂದ್ರ, ನಿಮ್ಮ ಬಾಟ್ಲಿ ನನ್ನ ಕೈಯಾಗ ಬಿಟ್ಟು ಊಟಕ್ಕ ಹೋಗ್ತೀರೇನು?"

ತಕ್ಷಣ ಹ್ಞೂಂ ಅನ್ನಬೇಕಿತ್ತು. ನನ್ನ ಕಣ್ಣು ಫ್ರಿಜ್ಜಿನ ಕಡೆ ಹೋಯಿತು; ಹೊಸ ನೀರು ಅದರಲ್ಲಿತ್ತು, ಇನ್ನೂ ಪರೀಕ್ಷಿಸಿರಲಿಲ್ಲ. ಥೀಸಿಸ್ಸಿಗೆ ಉಳಿದದ್ದು ಹದಿನೈದೇ ದಿನ. ನಾನು ಬಾಯಿ ತೆರೆಯುವಷ್ಟರಲ್ಲಿ ಅವನು "ಇರ್ಲಿ ಬಿಡ್ರಿ ಅಕ್ಕಾ" ಎಂದು ಫೋನ್ ಇಟ್ಟುಬಿಟ್ಟಿದ್ದ.