ಅರ್ಕಾವತ್ತಿನ ಜಾಗ

ಡಿಟಿಪಿ ಅಂಗಡಿಯಲ್ಲಿ ಅವಳಿಗೆ 'ಒತ್ತಕ್ಷರ' ಎಂದೇ ಹೆಸರು. ಹನ್ನೆರಡು ವರ್ಷ ಕನ್ನಡ ಟೈಪು ಮಾಡಿದವಳು. ಯಾರ ಕೈಬರಹದಲ್ಲಿ ಒತ್ತು ತಪ್ಪಿದ್ದರೂ ಅನ್ನದಲ್ಲಿ ಕಲ್ಲು ಸಿಕ್ಕಂತೆ ಮುಖ ಕಿವಿಚುತ್ತಿದ್ದಳು. ಮಗು ಹುಟ್ಟಿ, ನಿದ್ದೆ ಕೆಟ್ಟ ಮೇಲೆ ಅದೇ ಕಣ್ಣು ಕೈಕೊಡತೊಡಗಿತ್ತು. ಹೋದ ವಾರ ಯಾರದೋ ವಿಸಿಟಿಂಗ್ ಕಾರ್ಡಿನ ಫೋನ್ ನಂಬರಿನಲ್ಲಿ ಒಂದು ಸೊನ್ನೆ ಬಿಟ್ಟುಹೋಗಿತ್ತು. "ಇನ್ನೊಂದು ಸಲ ಹೀಗಾದ್ರೆ ಮನೇಲಿದ್ದು ಮಗು ನೋಡ್ಕೊಳಮ್ಮ" ಎಂದಿದ್ದರು ಯಜಮಾನರು.

ಹಾಗಾಗಿ ಇವತ್ತು ಸಂಜೆ ಹಾಡಿನ ಟೀಚರು ಹಾಳೆ ಬೀಸುತ್ತಾ ಒಳಗೆ ಬಂದಾಗ ಅವಳು ಮೊದಲು ಯಜಮಾನರ ಒಳಕೋಣೆಯತ್ತ ನೋಡಿದಳು. ಟೀಚರ ಮೇಳಕ್ಕೆಂದು ಇಟಾಲಿಯನ್ ಹಾಡೊಂದನ್ನು ಕನ್ನಡ ಅಕ್ಷರದಲ್ಲಿ, ಸ್ವರಕ್ಕೊಂದು ತುಂಡಾಗಿ ಒಡೆದು, ನಲವತ್ತು ಪ್ರತಿ ತೆಗೆದುಕೊಟ್ಟಿದ್ದಳು.

"ಈ ಪದ ನೀವೇ ಓದಿ ನೋಡೋಣ."

"ಪೆ... ರ್ದೊ... ನೊ."

"ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗಿಲ್ವಾ? ನಮ್ಮವರೆಲ್ಲ 'ರ್ದೊ' ಅನ್ನೋಕೆ ಹೋಗಿ ಕೆಮ್ತಾ ಕೂತಿದ್ರು!"

ಅವಳಿಗೆ ತಪ್ಪು ಹೊಳೆಯಿತು. ಕನ್ನಡದಲ್ಲಿ ಅರ್ಕಾವತ್ತು ಮುಂದಿನ ಅಕ್ಷರದ ಬೆನ್ನಿಗೇ ಅಂಟಿಕೊಳ್ಳುತ್ತದೆ. ಅದನ್ನು ಬಿಡಿಸಬೇಕೆಂದು ಅವಳಿಗೆ ತೋಚಿರಲೇ ಇಲ್ಲ. ಇಟಾಲಿಯನ್ನಿನಲ್ಲಿ ಆ ರಕಾರ ಹಿಂದಿನ ತುಂಡಿಗೆ ಸೇರಿದ್ದು: ಪೆರ್-ದೊ-ನೊ.

"ಐದಕ್ಕೆ ಪ್ರಾಕ್ಟೀಸು" ಎಂದರು ಟೀಚರು. ಗೋಡೆಯ ಗಡಿಯಾರದಲ್ಲಿ ನಾಲ್ಕು ಹತ್ತು. ಒಳಗಿಂದ ಯಜಮಾನರ ಚಪ್ಪಲಿ ಸದ್ದು.

ಸರಸರನೆ ತಿದ್ದುತ್ತಿದ್ದವಳ ಬೆರಳು ನಿಂತುಬಿಟ್ಟಿತು. "ಟೀಚರೇ, ಇದರಲ್ಲಿ ಯಾವ ತುಂಡನ್ನ ಎಳೀಬೇಕು?"

"ಒಳ್ಳೇ ಸಮಯಕ್ಕೆ ಕೇಳಿದ್ರಿ! ಮೊದಲನೇದು ಎಳೆದ್ರೆ 'ಅವರು ಕಳ್ಕೋತಾರೆ'. ನಡುವಿನದು ಎಳೆದ್ರೆ 'ನಾನು ಕ್ಷಮಿಸ್ತೀನಿ'. ಎರಡಕ್ಕೂ ಸ್ಪೆಲ್ಲಿಂಗು ಒಂದೇ. ನಮ್ಮ ಹಾಡಲ್ಲಿರೋದು ಕ್ಷಮೆ."

ಅವಳು ನಡುವೆ ದೀರ್ಘ ಕೊಟ್ಟಳು. ಮೊದಲ ಪ್ರತಿ ಹೊರಬರುವಷ್ಟರಲ್ಲಿ ಯಜಮಾನರು ಪಕ್ಕದಲ್ಲೇ ನಿಂತಿದ್ದರು.

"ನಲವತ್ತು ಹಾಳೆ ರದ್ದಿಗೆ ಹೋಯ್ತಾ?"

"ಹೂಂ ಸಾರ್. ನಂದೇ ತಪ್ಪು."

ಅವರು ಹಾಳೆ ಎತ್ತಿಕೊಂಡು ಕನ್ನಡಕ ಮೇಲಕ್ಕೇರಿಸಿದರು. "ಪೆರ್... ದೋ... ನೊ. ಹಾಗಂದ್ರೆ?"

"ನಾನು ಕ್ಷಮಿಸ್ತೀನಿ ಅಂತ, ಸಾರ್."

ಟೀಚರು ಕಿಸಕ್ಕೆಂದರು. ಯಜಮಾನರು ಇಬ್ಬರ ಮುಖವನ್ನೂ ನೋಡಿದರು. "ಓಹೋ, ನನ್ನ ಬಾಯಿಂದ್ಲೇ ಹೇಳಿಸಿಬಿಟ್ರಲ್ಲ! ಸರಿ, ಪ್ರಿಂಟು ಕೊಡು ಒತ್ತಕ್ಷರ. ನಾಳೆ ಬೇಗ ಬಾ, ಕೆಲಸ ರಾಶಿ ಬಿದ್ದಿದೆ."

ನಾಳೆ ಬಾ ಎಂದರು. ಆದರೂ ಅವಳು ಗುಂಡಿ ಒತ್ತಲಿಲ್ಲ. ತುಟಿ ಅಲ್ಲಾಡಿಸುತ್ತಾ ಹಾಡನ್ನು ಮೊದಲಿನಿಂದ ಇನ್ನೊಮ್ಮೆ ಓದತೊಡಗಿದಳು.